ಚೀಲ ಬಿಸಾಡುವ ಮುಂಚೆ

ಕಂಪನಿಗಳು ವಾಪಸ್ ಕರೆಸಿಕೊಳ್ಳುವ ನಾಯಿ, ಬೆಕ್ಕಿನ ಆಹಾರದ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಅದರಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಪಶುವೈದ್ಯೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಪರೀಕ್ಷೆಯ ಮೇಜಿನ ಮೇಲೆ ಕಂಡದ್ದನ್ನೇ ಜಾಸ್ತಿ ಹೇಳುತ್ತೇನೆ.

ನಾವು ಕೊಡುವ ನಾಯಿ ಆಹಾರದ ಕೆಲವು ಬ್ಯಾಚ್‌ಗಳನ್ನು ಕಂಪನಿ ವಾಪಸ್ ಪಡೆಯುತ್ತಿದೆಯಂತೆ. ನಾವು ಚೀಲ ತಂದ ದಿನವೇ ಡಬ್ಬಕ್ಕೆ ಸುರಿದು ಚೀಲ ಎಸೆದುಬಿಟ್ಟೆವು. ಬ್ಯಾಚ್ ನಂಬರ್ ಗೊತ್ತಿಲ್ಲ. ನಾಯಿಯೇನೋ ಚೆನ್ನಾಗಿಯೇ ಇದೆ. ಅದನ್ನೇ ಕೊಡುತ್ತಾ ಹೋಗಬಹುದಾ?

ಬೇಡ. ಇವತ್ತು ರಾತ್ರಿಯ ಊಟದಿಂದಲೇ ನಿಲ್ಲಿಸಿ. ನಂಬರ್ ಗೊತ್ತಿಲ್ಲ ಅಂದಮೇಲೆ ಡಬ್ಬದಲ್ಲಿರುವುದು ಕೆಟ್ಟ ಬ್ಯಾಚೇ ಅಂತ ಅಂದುಕೊಳ್ಳುವುದು ಒಳ್ಳೆಯದು. ಆದರೆ ಅದನ್ನು ತಕ್ಷಣ ಚೆಲ್ಲಬೇಡಿ. ಎರಡು ಹಿಡಿಯಷ್ಟನ್ನು ಗಟ್ಟಿ ಕವರಿನಲ್ಲಿ ಕಟ್ಟಿ, ಮೇಲೆ ತಾರೀಖು ಬರೆದು, ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗದ ಕಡೆ ಎತ್ತಿಡಿ. ನಾಯಿಗೆ ಏನಾದರೂ ಆದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲು ಅದು ಬೇಕಾಗುತ್ತದೆ. ಕೊಂಡ ರಸೀದಿ ಹುಡುಕಿ. ಯಾವ ದಿನ ತಂದಿರಿ ಅಂತ ಗೊತ್ತಾದರೆ ಅಂಗಡಿಯವರು ಬ್ಯಾಚ್ ಯಾವುದು ಅಂತ ಹೇಳುವ ಸಾಧ್ಯತೆ ಇದೆ.

ಈ ಚೀಲದ ವಿಷಯ ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಂದು ಬಣ್ಣದ ಒಂದು ಹೆಣ್ಣು ನಾಯಿಯನ್ನು ಎತ್ತಿಕೊಂಡು ಬಂದರು. ಐದು ವರ್ಷದ್ದು, ಎರಡು ದಿನದಿಂದ ಊಟ ಬಿಟ್ಟಿತ್ತು. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ವಸಡು ಹಳದಿಯಾಗಿತ್ತು. ಕಣ್ಣಿನ ಬಿಳಿ ಭಾಗವೂ ಹಾಗೆಯೇ. ಲಿವರ್ ಕೈಕೊಟ್ಟಿತ್ತು. ಏನು ಕೊಡುತ್ತಿದ್ದೀರಿ ಅಂತ ಕೇಳಿದೆ. ಹೆಸರು ಹೇಳಿದರು. ಚೀಲ ಎಲ್ಲಿ? ಎಸೆದಾಗಿತ್ತು. ಡಬ್ಬ ತರಿಸಿ ನೋಡಿದರೆ ಅಡಿಯಲ್ಲಿ ಹಳೇ ಚೀಲದ್ದು, ಮಧ್ಯೆ ಇನ್ನೊಂದರದ್ದು, ಮೇಲೆ ಹೊಸದು. ಮೂರೂ ಬೆರೆತುಹೋಗಿದ್ದವು. ಕಂಪನಿಗೆ ಫೋನ್ ಮಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ಲಾಟ್ ನಂಬರ್, ಅಂದರೆ ಬ್ಯಾಚ್ ನಂಬರ್. ನಮ್ಮ ಹತ್ತಿರ ಇರಲಿಲ್ಲ. ಆರನೇ ದಿನ ಆ ನಾಯಿ ಹೋಯಿತು. ಕಾರಣ ಆಹಾರವೇ ಅಂತ ಇವತ್ತಿಗೂ ನಾನು ಖಚಿತವಾಗಿ ಹೇಳಲಾರೆ. ಒಂದು ವೇಳೆ ಅದೇ ಆಗಿದ್ದರೆ, ಅದೇ ಬ್ಯಾಚಿನ ಚೀಲ ಇನ್ನೆಷ್ಟು ಮನೆಗಳಲ್ಲಿ ಇತ್ತೋ. ಅವರಿಗೆ ಹೇಳುವ ದಾರಿಯೇ ನಮಗಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಆಹಾರ ಚೀಲದಲ್ಲೇ ಇರಲಿ. ಬಾಯಿ ಮಡಚಿ ಕ್ಲಿಪ್ ಹಾಕಿ, ಬೇಕಾದರೆ ಚೀಲದ ಸಮೇತ ಡಬ್ಬದೊಳಗೆ ಇಡಿ. ಸುರಿದೇ ಇಡುವವರು ನಂಬರ್ ಇರುವ ಭಾಗವನ್ನು ಕತ್ತರಿಸಿ ಡಬ್ಬದ ಮೇಲೆ ಅಂಟಿಸಿ. ಸಾಮಾನ್ಯವಾಗಿ ಅದು ಚೀಲದ ಹಿಂಭಾಗದಲ್ಲೋ, ಕೆಳಗಿನ ಹೊಲಿಗೆಯ ಹತ್ತಿರವೋ, ಎಕ್ಸ್‌ಪೈರಿ ತಾರೀಖಿನ ಪಕ್ಕದಲ್ಲೋ ಇರುತ್ತದೆ. ಚುಕ್ಕೆ ಚುಕ್ಕೆ ಶಾಯಿಯಲ್ಲಿ ಅಚ್ಚಾಗಿರುವುದರಿಂದ ಕೈ ತಾಗಿ ತಾಗಿ ಅಳಿಸಿಹೋಗುತ್ತದೆ. ಚೀಲ ತಂದ ದಿನವೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹಳೆಯದು ಪೂರ್ತಿ ಖಾಲಿಯಾಗಿ ಡಬ್ಬ ತೊಳೆದು ಒಣಗಿಸುವವರೆಗೂ ಹೊಸದನ್ನು ಸುರಿಯಬೇಡಿ.

ನಿಮ್ಮ ನಾಯಿ ಈಗ ಚೆನ್ನಾಗಿದೆ ಅನ್ನುವುದು ಸಂತೋಷ. ಆದರೂ ಎರಡು ವಾರ ದಿನಾ ಬೆಳಗ್ಗೆ ಬೆಳಕಿನಲ್ಲಿ ತುಟಿ ಎತ್ತಿ ವಸಡು ನೋಡಿ. ವಾಂತಿ, ಮಂಕು, ಊಟ ಬಿಡುವುದು, ನೀರು ಜಾಸ್ತಿ ಕುಡಿಯುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಇದರಲ್ಲಿ ಯಾವುದು ಕಂಡರೂ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ವಾಪಸ್ ಕರೆದ ಆಹಾರ ತಿಂದಿದೆ ಅಂತ ಮೊದಲೇ ಹೇಳಿ. ಹಾಗೆ ಹೇಳಿದರೆ ರಕ್ತದಲ್ಲಿ ಲಿವರ್, ಕಿಡ್ನಿ ಎರಡನ್ನೂ ನೋಡುತ್ತಾರೆ.

ಆಹಾರ ಕೆಟ್ಟಿದ್ದರೆ ವಾಸನೆಯಲ್ಲೇ ಗೊತ್ತಾಗಲ್ವಾ? ಕುದಿಸಿ ಕೊಟ್ಟರೆ ಸರಿಹೋಗುತ್ತದಾ?

ಎರಡೂ ಇಲ್ಲ. ನಮ್ಮನ್ನು ಮೋಸ ಮಾಡುವುದೇ ಇದು.

ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಇದೆ. ಮೆಕ್ಕೆಜೋಳ, ಕಡಲೆಕಾಯಿಯಂಥ ಕಾಳು ಹೊಲದಲ್ಲೋ ಗೋದಾಮಿನಲ್ಲೋ ಬೂಷ್ಟು ಹಿಡಿದಾಗ ಸೇರಿಕೊಳ್ಳುತ್ತದೆ. ಕಾಳು ಹಿಟ್ಟಾಗಿ, ಬೆಂದು, ಕಿಬ್ಬಲ್ (ಒಣ ಆಹಾರದ ಉಂಡೆ) ಆಗುವಷ್ಟರಲ್ಲಿ ಬೂಷ್ಟು ಸತ್ತಿರುತ್ತದೆ. ವಿಷ ಮಾತ್ರ ಉಳಿದಿರುತ್ತದೆ. ಕಣ್ಣಿಗೆ ಕಾಣಲ್ಲ, ಮನೆಯಲ್ಲಿ ಕುದಿಸಿದರೂ ಹೋಗಲ್ಲ. ಅಮೆರಿಕದಲ್ಲಿ ಇದಕ್ಕೆ ನೂರು ಕೋಟಿಯಲ್ಲಿ 20 ಪಾಲು ಅಂತ ಮಿತಿ ಇಟ್ಟಿದ್ದಾರೆ, ಅಷ್ಟು ಸಣ್ಣ ಪ್ರಮಾಣವೇ ಲೆಕ್ಕಕ್ಕೆ ಬರುತ್ತದೆ. ದಿನಾ ಎರಡು ಹೊತ್ತೂ ಒಂದೇ ಚೀಲದಿಂದ ತಿನ್ನುವ ನಾಯಿಯ ಮೈಯಲ್ಲಿ ವಿಷ ದಿನದಿನವೂ ಲಿವರನ್ನು ಹಾಳುಮಾಡುತ್ತಾ ಹೋಗುತ್ತದೆ. 2020ರ ಡಿಸೆಂಬರ್ ಕೊನೆಗೆ ಅಲ್ಲಿ ಒಂದು ಕಂಪನಿಯ ನಾಯಿ ಆಹಾರದ ಕೆಲವು ಲಾಟ್‌ಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆದರು. ಜನವರಿಯಲ್ಲಿ ಆ ಪಟ್ಟಿ ಬಹಳ ದೊಡ್ಡದಾಯಿತು. ಆ ತಿಂಗಳು ಮುಗಿಯುವಷ್ಟರಲ್ಲಿ 110ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಬಂದಿತ್ತು. ಅದಕ್ಕೇ ವಾಪಸಾತಿಯ ಸುದ್ದಿಯನ್ನು ಒಂದು ಸಲ ಓದಿ ಸುಮ್ನಾಗಬೇಡಿ. ಮುಂದಿನ ವಾರವೂ ನೋಡಿ.

2007ರ ಕಥೆ ಇನ್ನೂ ಬೇರೆ. ಮೆನು ಫುಡ್ಸ್ ಎಂಬ ಕೆನಡಾದ ಕಂಪನಿ ಆ ಮಾರ್ಚ್‌ನಲ್ಲಿ 6 ಕೋಟಿಯಷ್ಟು ಡಬ್ಬ, ಪೊಟ್ಟಣಗಳನ್ನು ವಾಪಸ್ ಕರೆಯಿತು. ಚೀನಾದಿಂದ ಬಂದ ಗೋಧಿ ಗ್ಲುಟನ್‌ನಲ್ಲಿ, ಅಂದರೆ ಗೋಧಿಯ ಪ್ರೋಟೀನ್‌ನಲ್ಲಿ, ಮೆಲಮೈನ್ ಇತ್ತು. ಅದು ಪ್ಲಾಸ್ಟಿಕ್ ತಯಾರಿಸಲು ಬಳಸುವ ವಸ್ತು. ಪ್ರೋಟೀನ್ ಎಷ್ಟಿದೆ ಅಂತ ಲ್ಯಾಬಿನಲ್ಲಿ ನೋಡುವಾಗ ಅಳೆಯುವುದು ಸಾರಜನಕವನ್ನು. ಮೆಲಮೈನ್‌ನಲ್ಲಿ ಸಾರಜನಕ ತುಂಬಾ ಇದೆ. ಹೀಗಾಗಿ ಕಳಪೆ ಮಾಲೂ ಪ್ರೋಟೀನ್ ತುಂಬಿದ ಮಾಲಿನಂತೆ ತೋರುತ್ತದೆ. ಅದರ ಜೊತೆ ಸಯನೂರಿಕ್ ಆಸಿಡ್ ಎಂಬ ಇನ್ನೊಂದು ರಾಸಾಯನಿಕವೂ ಸೇರಿತ್ತು. ಎರಡೂ ಸೇರಿ ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಹರಳುಗಟ್ಟಿದವು. ಒಂದೇ ಕಂಪನಿ ತಯಾರಿಸಿದ ಆಹಾರ ಹತ್ತಾರು ಬ್ರ್ಯಾಂಡುಗಳ ಹೆಸರಲ್ಲಿ ಮಾರಾಟವಾಗಿತ್ತು. ಅಗ್ಗದ್ದೂ ಇತ್ತು, ದುಬಾರಿಯದ್ದೂ ಇತ್ತು. ದುಬಾರಿ ಚೀಲ ತಂದಿದ್ದೇನೆ, ನನಗೇನೂ ಭಯ ಇಲ್ಲ ಅನ್ನುವವರಿಗೆ ಇದನ್ನು ನಾನು ಯಾವಾಗಲೂ ನೆನಪಿಸುತ್ತೇನೆ.

ಒಳ್ಳೆಯದೇ ಜಾಸ್ತಿಯಾದರೂ ಅಪಾಯ. 2019ರಲ್ಲಿ ವಿಟಮಿನ್ ಡಿ ಅತಿಯಾಯಿತು ಅಂತ ನಾಯಿಗಳ ಡಬ್ಬದ ಆಹಾರ ವಾಪಸ್ ಆಯಿತು. ವಿಟಮಿನ್ ಸಿ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗುತ್ತದೆ.

ಸಾಲ್ಮೊನೆಲ್ಲಾ ಎಂಬ ರೋಗಾಣು ಇದೆ ಅಂತ ವಾಪಸ್ ಕರೆದ ಆಹಾರವನ್ನು ನಮ್ಮ ನಾಯಿ ತಿಂದು ಆರಾಮಾಗಿದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ. ಭಯಪಡಬೇಕಾ?

ನಾಯಿಗಿಂತ ಮಗುವಿನ ಬಗ್ಗೆಯೇ ಎಚ್ಚರ ಇರಲಿ. ನಾಯಿ ಆರೋಗ್ಯವಾಗಿ ಕಂಡರೂ ಅದರ ಮಲದಲ್ಲಿ, ಜೊಲ್ಲಿನಲ್ಲಿ ರೋಗಾಣು ಇರಬಹುದು. 2012ರಲ್ಲಿ ಒಣ ನಾಯಿ ಆಹಾರದಿಂದ ಅಮೆರಿಕ ಮತ್ತು ಕೆನಡಾದಲ್ಲಿ 49 ಜನರಿಗೆ ಸಾಲ್ಮೊನೆಲ್ಲಾ ತಗುಲಿತ್ತು. ಬಟ್ಟಲು, ಸೌಟು, ಡಬ್ಬ ಎಲ್ಲವನ್ನೂ ಬಿಸಿನೀರು, ಸೋಪು ಹಾಕಿ ತೊಳೆಯಿರಿ. ಮನೆಯವರು ಉಣ್ಣುವ ಪಾತ್ರೆಗಳ ಜೊತೆ ಬೇಡ. ನಾಯಿ ಊಟ ಮಾಡುವ ಜಾಗಕ್ಕೆ ಮಗು ಹೋಗದಂತೆ ನೋಡಿಕೊಳ್ಳಿ. ಮಗುವಿಗೆ ಜ್ವರ, ಭೇದಿ ಕಂಡರೆ ಡಾಕ್ಟರಿಗೆ ಈ ವಿಷಯ ಹೇಳಿ.

ಹಸಿ ಮಾಂಸದ ಆಹಾರದ ಬಗ್ಗೆಯೂ ಕೆಲವರು ಕೇಳಿದ್ದೀರಿ. ನಾನು ಕೊಡಿ ಅನ್ನುವುದಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮನೆಯೊಳಗೇ ಇರುತ್ತಿದ್ದ ಒಂದು ಬೆಕ್ಕು ಹಕ್ಕಿಜ್ವರದಿಂದ ಸತ್ತಿತು. ಅದು ತಿಂದ ಫ್ರೋಜನ್ ಹಸಿ ಟರ್ಕಿ ಕೋಳಿಯ ಆಹಾರದಲ್ಲಿ ಅದೇ ವೈರಸ್ ಇತ್ತು. ಫ್ರೀಜ್ ಮಾಡಿದರೆ ವೈರಸ್ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ವಾಪಸಾತಿ ಸುದ್ದಿ ನೋಡಿ ಬೆಕ್ಕಿನ ಆಹಾರ ಬದಲಾಯಿಸಿದೆ. ನಿನ್ನೆಯಿಂದ ಬೆಕ್ಕು ಹೊಸದನ್ನು ಮೂಸಿ ನೋಡಿ ಹೋಗುತ್ತಿದೆ. ಹಸಿವಾದಾಗ ತಾನೇ ತಿನ್ನುತ್ತೆ ಅಂತ ಬಿಡಬಹುದಾ? ನಾಯಿಯ ಆಹಾರ ಇದೆ, ಅದನ್ನು ಕೊಡಲಾ?

ಆಹಾರ ಬದಲಾಯಿಸಿದ್ದು ಸರಿ. ಬೇರೆ ದಿನಗಳಲ್ಲಾದರೆ ವಾರವಿಡೀ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ ಎನ್ನುತ್ತಿದ್ದೆ. ವಾಪಸ್ ಕರೆದ ಆಹಾರ ಅಂದಮೇಲೆ ಬೆರೆಸುವ ಮಾತೇ ಇಲ್ಲ.

ಆದರೆ ಹಸಿವಾದಾಗ ತಿನ್ನಲಿ ಅಂತ ಬೆಕ್ಕನ್ನು ಬಿಡಬಾರದು. ನಾಯಿ ಒಂದು ದಿನ ಉಪವಾಸ ಇದ್ದರೆ ತಡೆದುಕೊಳ್ಳುತ್ತದೆ. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ ಜೀವಕ್ಕೇ ಕುತ್ತು ಬರುತ್ತದೆ. ಡಬ್ಬದ ಬೆಕ್ಕಿನ ಆಹಾರ ತಂದು ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಇಡಿ. ಬೆಚ್ಚಗಾದರೆ ವಾಸನೆ ಏಳುತ್ತದೆ, ಬೆಕ್ಕು ಮೊದಲು ತಿನ್ನುವುದು ಮೂಗಿನಿಂದಲೇ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಅದರ ತುಟಿಗೆ ಸವರಿ, ಪಕ್ಕದಲ್ಲಿ ಸುಮ್ನೆ ಕೂತಿರಿ. ನನ್ನ ಹತ್ತಿರ ಬಂದ ಎಷ್ಟೋ ಹಟಮಾರಿ ಬೆಕ್ಕುಗಳು ಹಾಗೇ ಶುರು ಮಾಡಿವೆ.

ನಾಯಿ ಆಹಾರ ಒಂದು ಹೊತ್ತಿಗೆ ಏನೂ ಮಾಡುವುದಿಲ್ಲ. ಅದನ್ನೇ ರೂಢಿ ಮಾಡಬೇಡಿ. ಬೆಕ್ಕಿಗೆ ಆಹಾರದಲ್ಲೇ ಟಾರಿನ್ ಎಂಬ ಪೋಷಕಾಂಶ ಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮಂಕಾಗಿದೆ ಅಂತ ಪ್ಯಾರಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಈ ಉತ್ತರವನ್ನು ನಿಮಗೆ ಅಂಚೆಯಲ್ಲೂ ಕಳಿಸಿದ್ದೇನೆ, ಪತ್ರಿಕೆ ಬರುವವರೆಗೆ ಕಾಯುವ ವಿಷಯ ಇದಲ್ಲ. ಇಷ್ಟೆಲ್ಲ ಮಾಡಿಯೂ ಬೆಕ್ಕು ಆಹಾರ ಮುಟ್ಟದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಳೇ ಆಹಾರದ ಚೀಲ ಇನ್ನೂ ಮನೆಯಲ್ಲಿದ್ದರೆ ಮಡಚಿ ಕೈಯಲ್ಲಿ ಹಿಡಿದುಕೊಂಡೇ ಹೊರಡಿ.