ಬೆನ್ನು ವೇದಿಕೆಗೆ, ಮುಖ ಸಭಿಕರಿಗೆ

ಪ್ರಶ್ನೆ: ಕಳೆದ ವರ್ಷ ಮೂರು ದಿನಗಳ ಪ್ರೇರಣಾ ಕಾರ್ಯಾಗಾರವೊಂದರಲ್ಲಿ ಪಾಲ್ಗೊಂಡಿದ್ದೆ. ಬಹಳ ಪ್ರಯೋಜನವಾಯಿತು. ಈ ಬಾರಿ ಅದೇ ಆಯೋಜಕರು ಸಹಾಯಕ ತಂಡಕ್ಕೆ ಸ್ವಯಂಸೇವಕಿಯಾಗಿ ಬನ್ನಿ ಎಂದಿದ್ದಾರೆ. ಸಂಭಾವನೆ ಇಲ್ಲ. ‘ಇನ್ನೊಮ್ಮೆ ಶಿಬಿರದ ಲಾಭ ಉಚಿತವಾಗಿ ಸಿಗುತ್ತದೆ’ ಎನ್ನುತ್ತಾರೆ. ನಿಜವೇ? ಅಲ್ಲಿ ಅತ್ತುಬಿಡುವವರನ್ನು ಹೇಗೆ ಸಂಭಾಳಿಸುವುದೋ ಎಂಬ ಅಳುಕೂ ಇದೆ. ಹೋಗಲೇ?

ಉತ್ತರ: ಖಂಡಿತ ಹೋಗಿ. ಆದರೆ ಇನ್ನೊಮ್ಮೆ ಶಿಬಿರ ಸಿಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಭಾಷಣ ರಂಗೇರಿದ ಹೊತ್ತಿಗೆ ನೀವು ಹೊರಗೆ ನೀರಿನ ಕ್ಯಾನ್ ಬದಲಿಸುತ್ತಿರುತ್ತೀರಿ, ಇಲ್ಲವೇ ತಡವಾಗಿ ಬಂದವರ ಬ್ಯಾಡ್ಜ್ ಹುಡುಕುತ್ತಿರುತ್ತೀರಿ. ಸಭಾಂಗಣದ ಒಳಗಿದ್ದರೂ ನಿಮ್ಮ ಬೆನ್ನು ವೇದಿಕೆಗೆ, ಮುಖ ಸಭಿಕರಿಗೆ. ಕಳೆದ ಬಾರಿ ನಿಮ್ಮ ಮನಸ್ಸಿಗೆ ನಾಟಿದ ಮಾತೇ ಮತ್ತೆ ಬಂದಾಗ ಕಿವಿ ಅತ್ತ ಹೊರಳುವುದು ಸಹಜ. ಹೊರಳಿದ್ದು ಅರಿವಾದ ಕೂಡಲೇ ಕಣ್ಣನ್ನು ಹಿಂದಿನ ಸಾಲುಗಳಿಗೆ ತನ್ನಿ.

ಹೀಗೆ ಒತ್ತಿ ಹೇಳಲು ಕಾರಣವಿದೆ. ಮನಬಿಚ್ಚಿ ಮಾತನಾಡುವ ಗುಂಪುಗಳಿಗೆ ಸೇರಿದ್ದ 200ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಮನೋವೈದ್ಯ ಇರ್ವಿನ್ ಯಾಲಮ್ ಮತ್ತು ಮನಶ್ಶಾಸ್ತ್ರಜ್ಞ ಮಾರ್ಟನ್ ಲೀಬರ್ಮನ್ ಅಮೆರಿಕದಲ್ಲಿ ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅವರಲ್ಲಿ 16 ಮಂದಿಯ ಮನಸ್ಸಿಗೆ ಬಹುಕಾಲ ಉಳಿಯುವಂಥ ಪೆಟ್ಟು ಬಿದ್ದಿತ್ತು. ಆ ಪೆಟ್ಟು ಯಾರಿಗೆ ಬಿದ್ದಿದೆ ಎಂಬುದು ಗುಂಪು ನಡೆಸಿದವರಿಗಿಂತ ಜೊತೆಯಲ್ಲಿ ಕುಳಿತವರಿಗೇ ಚೆನ್ನಾಗಿ ಗೊತ್ತಿತ್ತು. ನೂರಾರು ಜನರೆದುರು, ಬೆಳಕು ಕಣ್ಣಿಗೆ ಹೊಡೆಯುವಂತೆ ನಿಂತ ಭಾಷಣಕಾರರಿಗೆ ಹದಿನಾಲ್ಕನೆಯ ಸಾಲಿನ ಮುಖ ಕಾಣುವುದೇ ಇಲ್ಲ. ಕಾಣುವುದು ನಿಮಗೆ. ನಿಮ್ಮ ಕೆಲಸದ ತೂಕವೆಲ್ಲ ಇರುವುದು ಅಲ್ಲಿಯೇ.

ಇನ್ನು ನಿಮ್ಮ ಅಳುಕಿನ ವಿಷಯ. ಕಣ್ಣೀರು ಬಂದ ಮಾತ್ರಕ್ಕೆ ಅಪಾಯವೆಂದು ಗಾಬರಿಯಾಗಬೇಡಿ. ಎಷ್ಟೋ ಸಲ ಅದು ವರ್ಷಗಟ್ಟಲೆ ಅದುಮಿಟ್ಟ ದುಃಖ. ಓಡಿಹೋಗಿ ಟಿಶ್ಯೂ ಚಾಚಬೇಡಿ. ನೀವು ಕರುಣೆಯಿಂದ ಕೊಟ್ಟದ್ದು ಅವರಿಗೆ ‘ಸಾಕು, ಒರೆಸಿಕೊಳ್ಳಿ’ ಎಂದಂತೆ ಕೇಳಿಸಬಹುದು. ಡಬ್ಬಿಯನ್ನು ಕೈಗೆಟುಕುವಂತೆ ಪಕ್ಕದ ಕುರ್ಚಿಯ ಮೇಲಿಡಿ. ಮೇಲಿನಿಂದ ಬಗ್ಗಿ ನೋಡದೆ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಕೇಳದೆ ಹೆಗಲು ಮುಟ್ಟಬೇಡಿ. ‘ನಾನು ಇಲ್ಲೇ ಇರಲೇ? ಅಥವಾ ಸ್ವಲ್ಪ ಹೊರಗೆ ಹೋಗೋಣವೇ?’ ಎಂದು ಕೇಳಿ, ಉತ್ತರ ಬರುವವರೆಗೂ ಸುಮ್ಮನಿರಿ. ಆ ಅರ್ಧ ನಿಮಿಷದ ಮೌನ ಹೊಸಬರಿಗೆ ಬಹಳ ಕಷ್ಟ, ಏನಾದರೂ ಬುದ್ಧಿಮಾತು ಹೇಳೋಣವೆಂದು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ಸರಿಯಾದ ನೆರವಿನೊಡನೆ ಜೋಡಿಸುವುದು. ವಿಪತ್ತಿಗೆ ಸಿಲುಕಿದವರಿಗಾಗಿ ಬರೆದದ್ದಾದರೂ ಸ್ವಯಂಸೇವಕರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಏನಾಯಿತೆಂದು ಕೆದಕುವುದನ್ನು ಆ ಕೈಪಿಡಿಯೂ ಬೇಡ ಎನ್ನುತ್ತದೆ. ಉಸಿರಾಟ ವಿಪರೀತ ಏರಿದರೆ, ತಾನೆಲ್ಲಿದ್ದೇನೆಂಬ ಅರಿವು ತಪ್ಪಿದಂತೆ ಕಂಡರೆ, ‘ಬದುಕೇ ಸಾಕು’ ಎಂಬ ಮಾತು ಬಂದರೆ, ನೀವು ಅವರ ಪಕ್ಕದಿಂದ ಕದಲಬೇಡಿ; ತಂಡದ ಇನ್ನೊಬ್ಬರನ್ನು ಕಳುಹಿಸಿ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕರೆಸಿ.

ಹಾಗೆ ಕರೆಸಲು ಒಬ್ಬರು ಇರಬೇಕಲ್ಲ? ಒಪ್ಪಿಕೊಳ್ಳುವ ಮೊದಲೇ ಆಯೋಜಕರನ್ನು ಕೇಳಿ: ಶಿಬಿರದ ಮೂರೂ ದಿನ ಅರ್ಹ ಸಮಾಲೋಚಕರು ಸ್ಥಳದಲ್ಲಿರುತ್ತಾರೆಯೇ? ‘ನಮ್ಮ ಗುರುಗಳೇ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ನಾನಾದರೆ ಹೋಗುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ದುಡಿಮೆ, ವಿರಾಮ ಯಾವಾಗ, ರಾತ್ರಿ ಎಷ್ಟು ಹೊತ್ತಿಗೆ ಬಿಡುವು ಎಂಬುದನ್ನೂ ಕೇಳಿಕೊಳ್ಳಿ. ನಿದ್ದೆಗೆಟ್ಟ ಕಣ್ಣು ಹಿಂದಿನ ಸಾಲನ್ನು ನೋಡಲಾರದು.

ಇನ್ನೆರಡು ಮಾತು ನಿಷ್ಠುರವಾಗಿಯೇ ಹೇಳುತ್ತೇನೆ. ಹೊರಗೆ ಹೋಗಲು ಎದ್ದವರನ್ನು ಬಾಗಿಲಲ್ಲಿ ತಡೆಯಿರಿ ಎಂದು ಯಾರೇ ಹೇಳಿದರೂ ತಡೆಯಬೇಡಿ. ಭಾವುಕತೆಯ ಬಿಸಿ ಆರುವ ಮೊದಲೇ ಮುಂದಿನ ಶಿಬಿರದ ಅರ್ಜಿಗೆ ಸಹಿ ಹಾಕಿಸಿ ಎಂದರೆ ಅದಕ್ಕೂ ಒಪ್ಪಬೇಡಿ. ನೀವು ಬಂದಿರುವುದು ಸೇವೆಗೆ. ಮಾರಾಟಕ್ಕೆ ಅವರು ಸಂಬಳದವರನ್ನು ಇಟ್ಟುಕೊಳ್ಳಲಿ.

ಮೈಕ್ ಹಿಡಿಯುವ ಸರದಿ ನಿಮಗೆ ಬಂದರೆ, ಮಾತನಾಡುವವರ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಿ. ವೇದಿಕೆಗೂ ಅವರಿಗೂ ನಡುವೆ ನೀವು ಗೋಡೆಯಾಗಬಾರದು. ಅವರ ಧ್ವನಿ ನಡುಗಿದರೆ ಮೈಕ್ ಹಿಂದಕ್ಕೆ ತೆಗೆಯಬೇಡಿ. ಅವರು ಕುಳಿತ ಮೇಲೂ ಒಂದೆರಡು ಕ್ಷಣ ಅಲ್ಲೇ ಇರಿ.

ಕೊನೆಯ ದಿನ ಚಪ್ಪಾಳೆ ಮುಗಿದು ಎಲ್ಲರೂ ಫೋಟೊ ತೆಗೆಸಿಕೊಳ್ಳುವಾಗ, ನಿನ್ನೆ ಅತ್ತವರು ಎಲ್ಲಿದ್ದಾರೆಂದು ಹುಡುಕಿ. ಮನೆಗೆ ಯಾರ ಜೊತೆ ಹೊರಟಿದ್ದಾರೆ, ನಾಳೆ ಮಾತನಾಡಲು ಯಾರಿದ್ದಾರೆ ಎಂದು ಕೇಳಿಕೊಂಡು, ಕುರ್ಚಿ ಮಡಚುವುದನ್ನು ಆಮೇಲೆ ಶುರುಮಾಡಿ.