"ನಿಮ್ಮ ಮಕ್ಕಳಿಗೆ ಕನ್ನಡ ಬರುತ್ತಾ?" ಅಂದ ಗೆಳತಿಗೆ, ಕಾಸರಗೋಡಿನ ಕುಂಬಳೆಯಿಂದ

ಮೊನ್ನೆ ನನ್ನ ನಾಲ್ಕನೇ ಕ್ಲಾಸಿನ ಮಕ್ಕಳ ಒಂದು ವಿಡಿಯೋ ನಿನಗೆ ಕಳಿಸಿದ್ದೆ. ಬೇಕಲ ಕೋಟೆಯ ಬುರುಜಿನ ಮೇಲೆ ನಿಂತು ಸಮುದ್ರ ನೋಡಿ ಅವರು ಬೊಬ್ಬೆ ಹಾಕುವುದು, ಒಬ್ಬ ಹುಡುಗ ಕೋಟೆಯ ಕಥೆ ಹೇಳುವುದು. ನೀನು ಬೆಂಗಳೂರಿನಿಂದ ಬರೆದೆ: "ಅಯ್ಯೋ, ಕೇರಳದ ಮಕ್ಕಳಿಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತಾ! ಆದ್ರೆ ಅಲ್ಲಿದ್ದುಕೊಂಡು ಕನ್ನಡದಲ್ಲಿ ಓದಿ ಮುಂದೆ ಏನು ಮಾಡ್ತಾರೆ, ಪಾಪ?"

ಆ "ಪಾಪ" ಅನ್ನುವುದು ಎರಡು ದಿನ ತಲೆಯಿಂದ ಹೋಗಲಿಲ್ಲ ಮಾರಾಯ್ತಿ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಸಿಟ್ಟು ಬಂದೀತು ಅಂತ ಬರೆಯುತ್ತಿದ್ದೇನೆ.

ನಾವು ಎಲ್ಲಿಂದಲೋ ಬಂದು ಇಲ್ಲಿ ಕನ್ನಡ ಶಾಲೆ ತೆರೆದವರಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ದಿನ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ವರದಿ ಹಾಗೇ ಉಳಿಯಿತು. ನನ್ನ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಅದಾದ ಮೇಲೆಯೇ ಹುಟ್ಟಿದವರು. ಇಲ್ಲಿನ ಶಾಲೆಗಳು ಅದಕ್ಕಿಂತ ಹಳೆಯವು. ನನ್ನ ಅಜ್ಜ ಓದಿದ ಶಾಲೆಯಲ್ಲೇ ನಾನು ಓದಿದೆ, ಅದೇ ಕನ್ನಡದಲ್ಲಿ. ಹಾಗಿರುವಾಗ ಯಾರಾದರೂ ನಮ್ಮನ್ನು "ಹೊರನಾಡ ಕನ್ನಡಿಗರು" ಅಂತ ಕರೆದು ಶಾಲು ಹೊದೆಸಿದರೆ ನನಗೆ ಬೇಸರವಾಗುತ್ತದೆ. ನಾವು ಹೊರಗೆ ಹೋದದ್ದು ಯಾವಾಗ?

ಇನ್ನು ಕನ್ನಡ ಬರುತ್ತಾ ಅನ್ನುವ ಪ್ರಶ್ನೆ. ಮೂರು ವರ್ಷ ಒಂದನೇ ಕ್ಲಾಸು ನನ್ನ ಕೈಯಲ್ಲಿತ್ತು. ಜೂನ್‌ನಲ್ಲಿ ಬೆಕ್ಕಿನ ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ ತುಳು ಮನೆಯ ಮಗು "ಪುಚ್ಚೆ" ಅನ್ನುತ್ತದೆ. ಹವ್ಯಕರ ಮನೆಯ ಮಗುವೂ "ಪುಚ್ಚೆ" ಅನ್ನುತ್ತದೆ. ಮಲಯಾಳದ ಮನೆಯದ್ದು "ಪೂಚ್ಚ". ಕೊಂಕಣಿ ಮನೆಯದ್ದು "ಮಾಜ್ಜರ". ಬೆಕ್ಕು ಅನ್ನುವ ಮಗು ಒಂದೂ ಇರುವುದಿಲ್ಲ! ಆ ಶಬ್ದವನ್ನು ಎಲ್ಲರೂ ಶಾಲೆಗೆ ಬಂದೇ ಕಲಿಯುವುದು, ಒಟ್ಟಿಗೇ. ಆಗಸ್ಟ್ ಹೊತ್ತಿಗೆ ಆಟದ ಮೈದಾನದಲ್ಲಿ ಜಗಳ ಮಾಡುವುದೂ ಕನ್ನಡದಲ್ಲೇ, ಯಾಕೆಂದರೆ ಎಲ್ಲರಿಗೂ ಗೊತ್ತಿರುವ ಭಾಷೆ ಅದೊಂದೇ. ನಿಮ್ಮಲ್ಲಿ ಮಗು ಮನೆಯಿಂದ ಕನ್ನಡ ತರುತ್ತದೆ. ಇಲ್ಲಿ ಶಾಲೆಯಿಂದ ಮನೆಗೆ ಒಯ್ಯುತ್ತದೆ.

ಈ ಸಲ ಮಂಜೇಶ್ವರದ ಗೋವಿಂದ ಪೈಗಳ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನೇ ಹೇಳಿದೆ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಗೌರವಿಸಿದ ಈ ಕನ್ನಡ ಕವಿಯ ಮನೆಮಾತು ಕೊಂಕಣಿ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡಕ್ಕಾಗಿ ಜೀವನವಿಡೀ ಹೋರಾಡಿದರು, ಅವರ ಮನೆಮಾತು ತುಳು. ಪೈಗಳಿಗೆ ತುಂಬಾ ಭಾಷೆ ಬರುತ್ತಿತ್ತು ಅಂದದ್ದೇ ತಡ, ಹಿಂದಿನ ಸಾಲಿನ ಒಬ್ಬಳು ಬೆರಳು ಮಡಚಿ ಎಣಿಸಿ, "ಟೀಚರ್, ನನಗೆ ಈಗಲೇ ಐದು" ಅಂದಳು. ಸುಳ್ಳಲ್ಲ. ಬ್ಯಾರಿ, ಮಲಯಾಳ, ತುಳು, ಕನ್ನಡ, ಮತ್ತೆ ಸ್ವಲ್ಪ ಹಿಂದಿ. ಆ ಮಗುವಿಗೆ ನೀನು ಪಾಪ ಅನ್ನುವುದು.

ಹಾಗಾದ್ರೆ ಕಷ್ಟವೇ ಇಲ್ವಾ ಅಂತ ಕೇಳಬೇಡ. ಇದೆ. ನೀನು ಅಂದುಕೊಂಡ ಕಡೆ ಅಲ್ಲ.

ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ. ಇಲ್ಲದ್ದನ್ನು ಹೇಳಬಾರದು. ಆದರೆ ಪಾಠ ನಡೆಯುವುದು ಪುಸ್ತಕದಿಂದ ಮಾತ್ರ ಅಲ್ಲವಲ್ಲ. ಚಟುವಟಿಕೆ ಹಾಳೆ, ಅಧ್ಯಾಪಕರ ಕೈಪಿಡಿ, ತರಬೇತಿ, ರಾತ್ರಿ ಎಂಟು ಗಂಟೆಗೆ ಮೊಬೈಲಿಗೆ ಬಂದು ಬೀಳುವ ಸುತ್ತೋಲೆ, ಇವೆಲ್ಲ ಮೊದಲು ಮಲಯಾಳದಲ್ಲಿ ಬರುತ್ತವೆ. ಕನ್ನಡದ್ದು ಆಮೇಲೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಾಳೆ ಬೆಳಿಗ್ಗೆ ಮಾಡಿಸಬೇಕಾದ ಚಟುವಟಿಕೆಯನ್ನು ಇವತ್ತು ಊಟ ಆದ ಮೇಲೆ ಕೂತು ನಾನೇ ಕನ್ನಡಕ್ಕೆ ಇಳಿಸಬೇಕು. ನನ್ನ ಹಾಗೆ ಎಷ್ಟೋ ಟೀಚರ್‌ಗಳು ಅದೇ ರಾತ್ರಿ ಅದೇ ಹಾಳೆ ಹಿಡಿದು ಕೂತಿರುತ್ತಾರೆ.

ಕನ್ನಡದಲ್ಲಿ ಬಂದರೂ ನಿರಾಳ ಅಲ್ಲ. ಒಂದು ಹಾಳೆಯಲ್ಲಿ ಹೀಗಿತ್ತು: "ಎಲ್ಲ ಮಕ್ಕಳಿಗೂ ಸಂಸಾರಿಸಲು ಅವಸರ ನೀಡಿರಿ." ಮಲಯಾಳದಲ್ಲಿ ಸಂಸಾರ ಅಂದ್ರೆ ಮಾತು, ಅವಸರ ಅಂದ್ರೆ ಅವಕಾಶ. ಎಲ್ಲರಿಗೂ ಮಾತಾಡಲು ಅವಕಾಶ ಕೊಡಿ ಅಂತ ಅದರ ಅರ್ಥ. ಕನ್ನಡ ಓದುವವರಿಗೆ ಏನು ಕೇಳಿಸುತ್ತದೆ ಅಂತ ನೀನೇ ನೋಡು. ಅಕ್ಷರ ಕನ್ನಡದ್ದಾದರೆ ಸಾಕು, ಭಾಷೆ ಕನ್ನಡ ಆಯಿತು ಅಂತ ಯಾರೋ ಅಂದುಕೊಂಡಿದ್ದಾರೆ. ಇನ್ನೊಂದು ಸಲ "ಪ್ರಸಂಗ ಸ್ಪರ್ಧೆ" ಅಂತ ಬಂತು. ಮಲಯಾಳದಲ್ಲಿ ಪ್ರಸಂಗ ಅಂದ್ರೆ ಭಾಷಣ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ, ಇಲ್ಲಿ ಪ್ರಸಂಗ ಅಂದರೆ ಯಕ್ಷಗಾನ. ಅಜ್ಜನ ಹತ್ತಿರ ಕುಣಿತ ಕಲಿಯುವ ಒಬ್ಬ ಹುಡುಗ ಮರುದಿನ ಚೀಲದಲ್ಲಿ ಗೆಜ್ಜೆ ಇಟ್ಟುಕೊಂಡು ಬಂದ. ಭಾಷಣ ಅಂತ ಗೊತ್ತಾದಾಗ ಅವನ ಮುಖ ನೋಡಬೇಕಿತ್ತು. ಹೆಡ್‌ಮಾಷ್ಟ್ರ ಹತ್ತಿರ ಹೇಳಿ, ಭಾಷಣ ಮುಗಿದ ಮೇಲೆ ಹತ್ತು ನಿಮಿಷ ಅವನನ್ನು ಕುಣಿಸಿದೆವು.

ಇದಕ್ಕಿಂತ ದೊಡ್ಡ ಗೋಜಲು ಮಾಷ್ಟ್ರುಗಳದ್ದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಓದಲು ಬಾರದವರು ನೇಮಕವಾಗಿ ಬರುವುದುಂಟು. ನಮ್ಮ ಹತ್ತಿರದ ಒಂದು ಶಾಲೆಗೆ ಹಾಗೆ ಒಬ್ಬರು ಬಂದರು. ದೂರದ ತೆಂಕಣ ಜಿಲ್ಲೆಯವರು, ಒಳ್ಳೆಯ ಮನುಷ್ಯ. ಮಕ್ಕಳು ಲೆಕ್ಕ ಕೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರು ಹೇಳಿದ್ದು ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಅಪ್ಪ ಅಮ್ಮಂದಿರು ಗೇಟಿನ ಎದುರು ಕೂತರು. ಆ ಮಾಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಸಿಕ್ಕಿತು ಅಂತ ಬಂದವರು ಅವರು. ಸಿಟ್ಟು ಇರುವುದು ಎಂಟು ವರ್ಷದ ಮಗುವಿನ ಒಂದು ಇಡೀ ವರ್ಷ ಹೀಗೆ ಹೋದರೂ ಪರವಾಗಿಲ್ಲ ಅಂತ ಕಾಗದಕ್ಕೆ ಸಹಿ ಹಾಕಿದವರ ಮೇಲೆ. ನೀವು ಕನ್ನಡ ಉಳಿಸಿ ಅಂತ ವೇದಿಕೆಯ ಮೇಲೆ ಹೇಳುತ್ತೀರಿ. ನಮಗೆ ಬೇಕಾದದ್ದು ಮಗು "ಟೀಚರ್, ಹೊಟ್ಟೆನೋವು" ಅಂದರೆ ಅರ್ಥವಾಗುವ ಒಬ್ಬರು.

ಅದಿರಲಿ, ಕ್ಲಾಸಿನ ಒಳ್ಳೆಯ ಸುದ್ದಿಯನ್ನೂ ಹೇಳುತ್ತೇನೆ. ಪರಿಸರ ಪಾಠದಲ್ಲಿ ನೀರಿನ ಮೂಲಗಳು ಬಂತು. ಬಾವಿ, ಕೆರೆ, ಹೊಳೆ ಅಂತ ಹಾಳೆಯಲ್ಲಿತ್ತು. ಮಕ್ಕಳು ಕೇಳಿದರು, ಸುರಂಗ ಎಲ್ಲಿ? ಸರಿ, ಮರುದಿನವೇ ಒಬ್ಬಳ ಅಜ್ಜನ ಅಡಿಕೆ ತೋಟಕ್ಕೆ ನಡೆದೆವು. ಬಸ್ಸಿಲ್ಲ, ಖರ್ಚಿಲ್ಲ.

ನಿಮ್ಮ ಕಡೆ ಇದನ್ನು ನೋಡಿರಲಿಕ್ಕಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದ ದಾರಿ ಅದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು. ಗುಡ್ಡದೊಳಗೆ ಇಂಗಿದ ಮಳೆನೀರು ಗೋಡೆಯಿಂದ ಜಿನುಗಿ, ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹರಿದು ಬರುತ್ತದೆ. ಅಜ್ಜ ಪಿಕ್ಕಾಸು ತೋರಿಸಿದರು. ಅಗೆಯುವಾಗ ಒಳಗೆ ದೀಪ ಹಚ್ಚಿಡುತ್ತಿದ್ದರಂತೆ. ದೀಪ ಆರಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಬಾಯಿಯ ಹತ್ತಿರ ಟಾರ್ಚ್ ಹಾಕಿದಾಗ ಎರಡು ಬಾವಲಿ ಹಾರಿತು, ಅಷ್ಟೂ ಜನ ಕಿರುಚಿದರು.

ಆಮೇಲೆ ಲೆಕ್ಕ. ಅಡಿಕೆ ಮರ ಸೀಳಿ ಮಾಡಿದ ದಂಬೆಯಿಂದ ಬೀಳುವ ನೀರಿಗೆ 10 ಲೀಟರಿನ ಬಕೆಟ್ ಇಟ್ಟೆವು. ತುಂಬಲು 4 ನಿಮಿಷ ಬೇಕಾಯಿತು. ಗಂಟೆಗೆ ಎಷ್ಟು? 150 ಲೀಟರ್. ದಿನಕ್ಕೆ? ಮಣ್ಣಿನ ಮೇಲೆ ಕಡ್ಡಿಯಿಂದ ಗುಣಿಸಿ 3600 ಅಂತ ಬರೆದವನು ಕ್ಲಾಸಿನಲ್ಲಿ ಲೆಕ್ಕಕ್ಕೆ ಹೆದರುವ ಹುಡುಗ. ಅಜ್ಜನಿಗೂ ಅದು ಹೊಸತು. "ನಲವತ್ತು ವರ್ಷ ಕುಡಿದೆ ಮಗಾ, ಲೆಕ್ಕ ಹಾಕಲಿಲ್ಲ" ಅಂದರು. ಹಾಳೆಯಲ್ಲಿ ಬಾವಿ, ಕೆರೆ, ಹೊಳೆಯ ಕೆಳಗೆ ನಾವೇ ಗೆರೆ ಎಳೆದು "ಸುರಂಗ" ಅಂತ ಸೇರಿಸಿದೆವು.

ಬಸ್ಸಿನ ಪ್ರವಾಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೂಡ್ಲಿನ ತೆಂಗು ಸಂಶೋಧನಾ ಕೇಂದ್ರಕ್ಕೆ ಪ್ರತಿ ವರ್ಷ ಹೋಗುತ್ತೇವೆ. 1916ರಿಂದ ಇರುವ ಕೇಂದ್ರ. ಕೈಗೆ ಎಟಕುವ ಗಿಡ್ಡ ತೆಂಗು ನೋಡಿದರೆ ಮಕ್ಕಳಿಗೆ ಸಾಕು. ಬೇಕಲಕ್ಕೂ ಹೋಗುತ್ತೇವೆ. ಅದು ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ ಅಂದಾಗ ವಿಡಿಯೋದಲ್ಲಿದ್ದ ಅದೇ ಹುಡುಗ ಕೇಳಿದ: "ಹಾಗಾದ್ರೆ ಇದು ನಮ್ಮದಾ, ಅವರದ್ದಾ?" ಅವನ ಪಕ್ಕದಲ್ಲೇ ಮಲಯಾಳದ ಮನೆಯ ಅವನ ಗೆಳೆಯ ನಿಂತಿದ್ದ. ಇಬ್ಬರ ಹೆಗಲ ಮೇಲೂ ಕೈ ಇಟ್ಟು, ಈಗ ಇಲ್ಲಿ ಇರುವವರೆಲ್ಲರದ್ದೂ ಅಂದೆ. ಅದನ್ನು ಬೇರೆ ಹೇಗೆ ಹೇಳಲಿ?

ನವೆಂಬರ್ 1 ಬಂದರೆ ಇಂಥದೇ ಪ್ರಶ್ನೆ. ಅವತ್ತು ಕೇರಳ ಹುಟ್ಟಿದ ದಿನ, ಕರ್ನಾಟಕದ ರಾಜ್ಯೋತ್ಸವವೂ ಅವತ್ತೇ. ಮಕ್ಕಳು ಕೇರಳದ ಭೂಪಟ ಬಿಡಿಸಿ ಬಣ್ಣ ತುಂಬುತ್ತಾರೆ. ನಮ್ಮ ಊರು ತೀರಾ ಮೇಲಿನ ತುದಿಯಲ್ಲಿ. ಪೆನ್ಸಿಲ್ ಕೆತ್ತುವಾಗ ಮೊದಲು ಮುರಿಯುವ ಮೊನೆಯ ಹಾಗೆ ಅನ್ನಿಸುತ್ತದೆ ನನಗೆ. ಅಲ್ಲಿಂದ ತಿರುವನಂತಪುರಕ್ಕೆ 550 ಕಿ.ಮೀ.ಗಿಂತ ಜಾಸ್ತಿ. ಮಂಗಳೂರಿಗೆ ಒಂದು ಗಂಟೆಯ ದಾರಿ. ಆಸ್ಪತ್ರೆ, ಕಾಲೇಜು, ಮದುವೆ ಜವಳಿ, ಎಲ್ಲ ಅಲ್ಲೇ. ಮುಂದೆ ಏನು ಮಾಡ್ತಾರೆ ಅಂತ ಕೇಳಿದೆಯಲ್ಲ, ಇದೇ ಶಾಲೆಗಳಲ್ಲಿ ಓದಿದವರು ಅಲ್ಲಿ ಡಾಕ್ಟರಾಗಿದ್ದಾರೆ, ಇಲ್ಲಿ ಮಾಷ್ಟ್ರಾಗಿದ್ದಾರೆ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಬಿದ್ದಾಗ, ಕನ್ನಡ ಮಾತಾಡುತ್ತಾರೆ ಅಂತ ನಮ್ಮನ್ನು ಯಾರೂ ಬಿಡಲಿಲ್ಲ. ಆಗ ನಾವು ಕೇರಳದವರು. ಇಲ್ಲಿ ಅರ್ಜಿ ಕೊಡಲು ಹೋದರೆ ಕನ್ನಡದವರು. ಮಕ್ಕಳಿಗೆ ಇದನ್ನೆಲ್ಲ ಹೇಳುವುದಿಲ್ಲ. ನಿನಗೆ ಹೇಳುತ್ತಿದ್ದೇನೆ.

ಬರುವ ಗುರುವಾರ ಮಂಗಳೂರಿನ ಪಿಲಿಕುಳಕ್ಕೆ ಹೊರಟಿದ್ದೇವೆ. ಹುಲಿ ನೋಡಬೇಕು ಅಂತ ಒಂದು ತಿಂಗಳಿಂದ ಹಠ. ಗಡಿ ದಾಟುವ ಕಾರಣ ಅನುಮತಿ ಬೇರೆ, ಬಸ್ಸಿನ ಕಾಗದ ಬೇರೆ. ಒಪ್ಪಿಗೆ ಚೀಟಿಯನ್ನು ಎರಡೂ ಭಾಷೆಯಲ್ಲಿ ಬರೆದು ಮನೆಗೆ ಕಳಿಸಿದೆ, ಯಾಕೆಂದರೆ ಮದುವೆಯಾಗಿ ತೆಂಕಣ ಜಿಲ್ಲೆಗಳಿಂದ ಬಂದ ತಾಯಂದಿರಿಗೆ ಕನ್ನಡ ಓದಲು ಬಾರದು. 22ರಲ್ಲಿ 21 ಮೊದಲೇ ವಾಪಸ್ ಬಂದಿತ್ತು. ಕೊನೆಯದು ಇವತ್ತು ಸಂಜೆ ಬಂತು. ಅದರ ಹಿಂಬದಿಯಲ್ಲಿ ತಾಯಿ ಮಲಯಾಳದಲ್ಲಿ ಬರೆದಿದ್ದಾಳೆ, ಮಗಳಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಮುಂದಿನ ಸೀಟು ಕೊಡಬಹುದಾ ಟೀಚರ್ ಅಂತ. ಕೊಡ್ತೇನೆ, ನನ್ನ ಪಕ್ಕದಲ್ಲೇ ಕೂರಿಸಿಕೊಳ್ತೇನೆ ಅಂತ ಮಲಯಾಳದಲ್ಲೇ ಬರೆದು ಚೀಲಕ್ಕೆ ಹಾಕಿಟ್ಟಿದ್ದೇನೆ.