ಸೆಟ್ ಪದಕ್ಕೆ ನೂರಾರು ಅರ್ಥ ಇದ್ದರೆ ಕಲಿಯೋದು ಹೇಗೆ?

ನಿಮ್ಮ ಪ್ರಶ್ನೆ ಹೀಗಿತ್ತು: "ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಭ್ಯಾಸದ ಪುಸ್ತಕದಲ್ಲಿ 'ಆಸ್ ಡಸ್ಕ್ ಸೆಟ್ ಇನ್, ದೇ ಸೆಟ್ ಔಟ್ ವಿತ್ ಎ ಸೆಟ್ ಆಫ್ ಟೂಲ್ಸ್' ಅಂತ ಒಂದು ವಾಕ್ಯ ಇದೆ. ಮೂರು ಸಲ ಸೆಟ್, ಮೂರೂ ಬೇರೆ. ಈ ಪದಕ್ಕೆ ನಾನೂರಕ್ಕಿಂತ ಜಾಸ್ತಿ ಅರ್ಥ ಇದೆ ಅಂತಾರೆ. ಎಲ್ಲಾ ಬಾಯಿಪಾಠ ಮಾಡಬೇಕಾ?"

ಬೇಡ. ಬಾಯಿಪಾಠ ಮಾಡಲೇಬೇಡಿ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನೀವು ಕೇಳಿದ ಸಂಖ್ಯೆ ಸುಳ್ಳಲ್ಲ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಸೆಟ್ ಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು. ಅದರಲ್ಲಿ ಅತಿ ಉದ್ದದ ವಿವರಣೆ ಇದ್ದದ್ದೂ ಇದೇ ಪದಕ್ಕೆ. ಆಮೇಲೆ ರನ್ ಅನ್ನೋ ಪದ ಇದನ್ನು ಹಿಂದೆ ಹಾಕಿತು. ಆ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತು ರನ್ ಕ್ರಿಯಾಪದ ಒಂದಕ್ಕೇ 645 ಅರ್ಥ ಬಿಡಿಸಿಟ್ಟರು. ಆದರೆ ಅಂಥ ದೊಡ್ಡ ನಿಘಂಟು ಸಾವಿರ ವರ್ಷದ ಬಳಕೆಯನ್ನೆಲ್ಲ ಗುಡ್ಡೆ ಹಾಕುತ್ತದೆ. ಯಾರೂ ಈಗ ಆಡದ ಮಾತೂ ಅದರಲ್ಲಿರುತ್ತದೆ. ನಿಮಗೆ ಅದರ ಕಾಲುಭಾಗವೂ ಬೇಕಾಗಿಲ್ಲ.

ನಿಮಗೆ ಬೇಕಾದದ್ದು ಒಂದು ಚಿತ್ರ. ಅದನ್ನು ನನಗೆ ಕೊಟ್ಟದ್ದು ನಮ್ಮಪ್ಪ. ಅಪ್ಪ ಗೌಂಡಿ, ಅಂದರೆ ಗಾರೆ ಕೆಲಸದವರು. ನಮ್ಮ ಕಡೆ ನೆಲ ಅಗೆದರೆ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ನೀವು ನೋಡಿರುತ್ತೀರಿ, ಅದೂ ಇದೇ ನೆಲದ್ದು. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿನಿಂದಲೇ. ರಜೆಯಲ್ಲಿ ನಾನು ಅಪ್ಪನ ಜೊತೆ ಹೋಗಿ ಬುಟ್ಟಿಯಲ್ಲಿ ಮಾಲು, ಅಂದರೆ ಕಲಸಿದ ಸಿಮೆಂಟ್, ಹೊತ್ತು ಕೊಡುತ್ತಿದ್ದೆ. "ಲಗು ತಾರೋ, ಮಾಲ್ ಸೆಟ್ ಆಗ್ತದ" ಅಂತ ಅಪ್ಪ ಕೂಗುತ್ತಿದ್ದರು. ಸೆಟ್ ಅನ್ನೋದು ಇಂಗ್ಲಿಷ್ ಪದ ಅಂತ ಆಗ ನನಗೆ ಗೊತ್ತೇ ಇರಲಿಲ್ಲ. ಬುಟ್ಟಿ, ಕರಣಿ, ಸೆಟ್, ಎಲ್ಲಾ ನಮ್ಮ ಮನೆ ಮಾತು ಅಂದುಕೊಂಡಿದ್ದೆ.

ಒಂದು ದಿನ ಕೇಳಿದೆ, ಸೆಟ್ ಆಗೋದು ಅಂದರೇನು, ಗಟ್ಟಿ ಆಗೋದಾ ಅಂತ. ಅಪ್ಪ ಹೇಳಿದರು: "ಗಟ್ಟಿ ಆಗೋದು ಆಮ್ಯಾಲ. ಸೆಟ್ ಅಂದ್ರ ಕುಂತದ ಅಂತ. ಇನ್ನ ಅದನ್ನ ಎಬ್ಬಸಬಾರ್ದು."

ಇದು ಎಷ್ಟು ಸರಿಯಾದ ಮಾತು ನೋಡಿ. ನೀರು ಬಿದ್ದ ಸಾಮಾನ್ಯ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಸೆಟ್ ಆಗೋಕೆ ಶುರು ಮಾಡಬಾರದು, 10 ಗಂಟೆಯೊಳಗೆ ಪೂರ್ತಿ ಸೆಟ್ ಆಗಿರಬೇಕು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಬೇಗ ಸೆಟ್ ಆಗದಿರಲಿ ಅಂತಲೇ ಕಾರ್ಖಾನೆಯಲ್ಲಿ ಜಿಪ್ಸಂ ಬೆರೆಸುತ್ತಾರೆ. ಆದರೆ ನಿಜವಾದ ಬಲ ಬರೋದು ಆಮೇಲೆ, ದಿನಗಟ್ಟಲೆ ನೀರು ಹೊಡೆದು ಕ್ಯೂರಿಂಗ್ ಮಾಡಿದಾಗ. ಅಂದರೆ ಸೆಟ್ ಆಗೋದು ಬೇರೆ, ಗಟ್ಟಿ ಆಗೋದು ಬೇರೆ. ಸೆಟ್ ಆದದ್ದು ಬರೀ ತನ್ನ ಜಾಗದಲ್ಲಿ ಕೂತಿದೆ, ಅಷ್ಟೇ.

ಎಷ್ಟೋ ವರ್ಷದ ಮೇಲೆ, ಕಾಲೇಜಿನಲ್ಲಿ ಇಂಗ್ಲಿಷ್ ಪದಗಳ ಹುಟ್ಟು ಓದುವಾಗ ಅಪ್ಪನ ಮಾತು ನೆನಪಾಗಿ ಮೈ ಝುಂ ಅಂದಿತು. ಸೆಟ್ ಪದ ಹುಟ್ಟಿದ್ದೇ ಸಿಟ್ ಅನ್ನೋ ಪದದ ಮನೆಯಲ್ಲಿ. ಸಿಟ್ ಅಂದರೆ ನಮ್ಮ ಕಡೆಯ ಕೂಡು, ಅಂದರೆ ಕುಳಿತುಕೊ. ಸೆಟ್ ಅಂದರೆ ಕೂಡಿಸು, ಅಂದರೆ ಕುಳ್ಳಿರಿಸು. ಹಳೆಯ ಇಂಗ್ಲಿಷಿನಲ್ಲಿ ತಾನೇ ಆಗೋದಕ್ಕೆ ಒಂದು ರೂಪ, ಬೇರೆಯವರು ಮಾಡಿಸೋದಕ್ಕೆ ಇನ್ನೊಂದು ರೂಪ ಇತ್ತು. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಕೆಡವು. ಮರ ಕಡಿದು ಉರುಳಿಸೋದಕ್ಕೆ ಈಗಲೂ ಫೆಲ್ ಅಂತಾರೆ. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ನಮಗೆ ಇದು ಹೊಸದೇನಲ್ಲ ಅಲ್ವಾ? ಬೆಂಕಿ ತಾನೇ ಹತ್ತುತ್ತದೆ, ನಾವು ಹಚ್ಚುತ್ತೇವೆ.

ಈಗ ಕೂಡಿಸು ಅನ್ನೋ ಒಂದೇ ಪದ ಹಿಡಿದುಕೊಂಡು ನಮ್ಮ ಊರಲ್ಲಿ ಒಂದು ಸುತ್ತು ಹಾಕಿ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂಡಿಸುತ್ತಾನೆ. ಇಂಗ್ಲಿಷಿನಲ್ಲಿ ಅದು ಸೆಟ್. ಕೈ ಮುರಿದರೆ ಎಲುಬು ಕೂಡಿಸುತ್ತಾರೆ, ಅದೂ ಸೆಟ್. ಅವ್ವ ಕೋಳಿಯನ್ನು ಕಾವಿಗೆ ಕೂಡಿಸುತ್ತಾಳೆ. ಇಂಗ್ಲಿಷ್ ರೈತರೂ ಅದಕ್ಕೆ ಸೆಟ್ ಎ ಹೆನ್ ಅಂತಲೇ ಅನ್ನುತ್ತಾರೆ! ಇದನ್ನು ಮೊದಲ ಸಲ ಕ್ಲಾಸಲ್ಲಿ ಹೇಳಿದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಖುಷಿಯಿಂದ ಎದ್ದು ನಿಂತಳು. ಅವರ ಮನೆಯಲ್ಲಿ ಆ ವಾರವೇ ಕೋಳಿ ಕೂಡಿಸಿದ್ದರು.

ಕೂಡಿಸು ಸಾಕಾಗದ ಕಡೆ ನಮ್ಮ ಹಚ್ಚು ಬರುತ್ತದೆ. ಸೆಟ್ ಫೈರ್ ಅಂದರೆ ಬೆಂಕಿ ಹಚ್ಚು. ಸೆಟ್ ಟು ವರ್ಕ್ ಅಂದರೆ ಕೆಲಸಕ್ಕೆ ಹಚ್ಚು. ಇನ್ನು ಈ ಹಚ್ಚು ಪದಕ್ಕೇ ಎಷ್ಟು ಅರ್ಥ ಎಣಿಸಿ ನೋಡಿ. ಕಲಬುರಗಿಯಲ್ಲಿ ನಾವು ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಗಿಡ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಟಿವಿ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ, ಮನೆ ಕಟ್ಟಲು ರೊಕ್ಕ ಹಚ್ಚುತ್ತೇವೆ. ಇದನ್ನೆಲ್ಲ ಯಾರಾದರೂ ಪಟ್ಟಿ ಮಾಡಿ ನಿಮಗೆ ಬಾಯಿಪಾಠ ಮಾಡಿಸಿದರಾ? ಒಂದಕ್ಕೊಂದು ಅಂಟಿಸೋ ಚಿತ್ರ ಮನಸ್ಸಿನಲ್ಲಿತ್ತು, ಉಳಿದದ್ದು ತಾನೇ ಬಂತು. ಸೆಟ್ ಕೂಡ ಹಾಗೇ ಬರುತ್ತದೆ.

ನನಗೆ ಬೇಜಾರು ಆಗೋದು ಪಟ್ಟಿಗಳನ್ನು ಕಂಡಾಗ. ಕೋಚಿಂಗಿಗೆ ಹೋಗಿ ಬಂದ ಹುಡುಗನೊಬ್ಬ ಸೆಟ್ ಇನ್, ಸೆಟ್ ಆಫ್, ಸೆಟ್ ಅಪ್ ಅಂತ ಐವತ್ತು ಬಾಯಿಪಾಠ ಮಾಡಿದ್ದ. ಬರೆಯೋಕೆ ಹೇಳಿದರೆ ಸೂರ್ಯ ಮುಳುಗಿದ್ದಕ್ಕೆ ಸೆಟ್ ಅಪ್ ಅಂತ ಬರೆದ. ಅದು ಅವನ ತಪ್ಪಲ್ಲ. ಚಿತ್ರ ಕೊಡದೆ ಪಟ್ಟಿ ಕೊಟ್ಟರೆ ಆಗೋದೇ ಹಾಗೆ. ಸೂರ್ಯ ದಿನವಿಡೀ ಮೇಲಿದ್ದು ಸಂಜೆ ಕೆಳಗೆ ಹೋಗಿ ಕೂತ, ಅದಕ್ಕೆ ಸನ್‌ಸೆಟ್. ನಾವು ಹೊತ್ತನ್ನು ಮುಳುಗಿಸಿದೆವು, ಅವರು ಕೂಡಿಸಿದರು. ಹೀಗೆ ನೋಡಿದರೆ ಅಪ್ ಅನ್ನೋದು ಅಲ್ಲಿ ಬರೋಕೆ ಜಾಗವೇ ಇಲ್ಲ.

ಸೆಟ್ ಅಸೈಡ್ ಅನ್ನೋದನ್ನೂ ಹೀಗೇ ನೋಡಿ, ಪರೀಕ್ಷೆಯಲ್ಲಿ ಬರಬಹುದು. ಮಗಳ ಮದುವೆಗೆ ದುಡ್ಡು ತೆಗೆದಿಡೋದೂ ಸೆಟ್ ಅಸೈಡ್, ಕೋರ್ಟು ಒಂದು ಆದೇಶವನ್ನು ರದ್ದು ಮಾಡೋದೂ ಸೆಟ್ ಅಸೈಡ್. ಕಲಬುರಗಿಗೆ 2008ರಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ಈ ಎರಡನೇದು ನಮ್ಮ ವಕೀಲರ ಬಾಯಲ್ಲಿ ದಿನಾ ಕೇಳುತ್ತದೆ. ಒಂದು ಕಡೆ ಜೋಪಾನ, ಇನ್ನೊಂದು ಕಡೆ ರದ್ದು. ಎರಡೂ ಉಲ್ಟಾ ಅನಿಸುತ್ತದೆ. ಆದರೆ ಎರಡಕ್ಕೂ ನಮ್ಮಲ್ಲಿ "ಬಾಜೂಕ ಇಡು" ಅಂದರೆ ಸಾಕು. ಬೇಕು ಅಂತಲೂ ಬಾಜೂಕೆ ಇಡುತ್ತೇವೆ, ಬೇಡ ಅಂತಲೂ ಇಡುತ್ತೇವೆ.

ಒಂದು ಕಡೆ ಮಾತ್ರ ಕೂಡಿಸು ಕೆಲಸ ಮಾಡೋದಿಲ್ಲ. ಸ್ಟೀಲ್ ಡಬ್ಬಿ ಸೆಟ್, ಮೂರು ಸೆಟ್ ಜೆರಾಕ್ಸ್, ಗಣಿತದಲ್ಲಿ ನಾವು ಗಣ ಅಂತ ಓದಿದ್ದು, ಇವೆಲ್ಲ ಗುಂಪು. ಈ ಸೆಟ್ ಹುಟ್ಟಿನಿಂದಲೇ ಬೇರೆ ಪದ. ಇದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂತು. ಪಂಥ ಅನ್ನೋ ಅರ್ಥದ ಸೆಕ್ಟ್ ಪದ ಇದರ ಒಡಹುಟ್ಟು. ಎರಡು ಊರಿನ ಪದಗಳು ಒಂದೇ ವೇಷ ಹಾಕಿಕೊಂಡು ಆಮೇಲೆ ಒಂದರೊಳಗೊಂದು ಬೆರೆತವು. ವಾಲಿಬಾಲ್ ಆಡುವವರಿಗೆ ಎರಡೂ ಗೊತ್ತು. 25 ಅಂಕಕ್ಕೆ ಮುಗಿಯೋ ಆಟದ ಭಾಗವೂ ಸೆಟ್. ಹೊಡೆಯುವವನಿಗೆ ಸರಿಯಾದ ಜಾಗದಲ್ಲಿ ಬಾಲ್ ಎತ್ತಿ ಕೊಡೋದೂ ಸೆಟ್, ಕೊಡುವವನು ಸೆಟ್ಟರ್.

ವ್ಯಾಕರಣದ್ದು ಒಂದೇ ಮಾತು. ನಿನ್ನೆಗೂ ಸೆಟ್, ಇವತ್ತಿಗೂ ಸೆಟ್. ಸೆಟ್ಟೆಡ್ ಅನ್ನೋ ರೂಪ ಇಲ್ಲಿ ಬರೋದಿಲ್ಲ. ಕಟ್, ಪುಟ್, ಹಿಟ್ ಇದ್ದ ಹಾಗೆ. ಹೀ ಸೆಟ್ಸ್ ಅಂದರೆ ದಿನಾ ಮಾಡುತ್ತಾನೆ, ಹೀ ಸೆಟ್ ಅಂದರೆ ಮಾಡಿ ಮುಗಿಸಿದ. ಕೊನೆಯ ಒಂದು ಅಕ್ಷರದಲ್ಲೇ ಕಾಲ ಗೊತ್ತಾಗುತ್ತದೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಸೆಟ್ ಇನ್ ಅಂದರೆ ಬಂದು ಕೂತುಬಿಡೋದು. ನೆಗಡಿ ಎದೆಯಲ್ಲಿ ಕೂತಿದೆ ಅಂತೀವಲ್ಲ, ಹಾಗೆ. ಚಳಿಗಾಲ, ಮಳೆ, ಕತ್ತಲು, ಬೇಗ ಎದ್ದು ಹೋಗದೆ ಇರೋದಕ್ಕೆಲ್ಲ ಇದನ್ನು ಬಳಸುತ್ತಾರೆ. ಸೆಟ್ ಔಟ್ ಅಂದರೆ ತಮ್ಮನ್ನು ತಾವೇ ಹೊರಗಿನ ದಾರಿಗೆ ಹಚ್ಚಿಕೊಳ್ಳೋದು. ಮೂರನೆಯದು ಬೇರೆ ಮನೆಯ ಸೆಟ್, ಗುಂಪು. ನಾನು ಬರೆದರೆ ಹೀಗೆ ಬರೆಯುತ್ತೇನೆ: "ಮಬ್ಬು ಕವಿದು ಕೂತ ಹೊತ್ತಿಗೆ ಅವರು ಸಾಮಾನಿನ ಗಂಟು ಹೊತ್ತು ದಾರಿ ಹಿಡಿದರು." ನೀವೂ ನಿಮ್ಮ ಊರಿನ ಮಾತಲ್ಲಿ ಬರೆದು ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.